ಮಾರುವವರ ಮೌನ

1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಅದರ ಕೆಳಗೊಂದು ಕುದುರೆಯ ನಿದರ್ಶನವಿದೆ. ಕುದುರೆಯಲ್ಲಿ ಊನವಿರುವುದು ಮಾಲೀಕನಿಗೆ ಗೊತ್ತು. ಆದರೂ ಹರಾಜಿನಲ್ಲಿ ಮಾರುವಾಗ ಅವನು ತುಟಿ ಬಿಚ್ಚುವುದಿಲ್ಲ. ಕಾಯಿದೆಯ ಪ್ರಕಾರ ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಊನವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ.

ಮಗಳಿಗೆ ಹೇಳಬೇಕಾದ್ದನ್ನು ಅಪರಿಚಿತರಿಗೆ ಹೇಳಬೇಕಿಲ್ಲವೇ?

ಇಂದು ಆ ಕುದುರೆಯ ಜಾಗದಲ್ಲಿ ಹಳೆಯ ಜಾವಾ ನಿಂತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕುಗಳು ತಯಾರಾದವು. 1970ರ ದಶಕದಲ್ಲಿ ಅವು ಯೆಜ್ಡಿ ಎನಿಸಿಕೊಂಡವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆ ಗಾಡಿಗಳ ಮೇಲಿನ ಪ್ರೀತಿ ಮಾತ್ರ ಉಳಿದಿದೆ. ನಾಲ್ಕು ಫೋಟೊ, ಆರು ಸಾಲಿನ ಆನ್‌ಲೈನ್ ಜಾಹೀರಾತು ನೋಡಿ ದೂರದೂರಿನವರು ಮುಂಗಡ ಕಳಿಸಿಬಿಡುತ್ತಾರೆ. ಹರಾಜಿನ ಕುದುರೆಯನ್ನಾದರೂ ಹಲ್ಲು ನೋಡಿ, ನಡೆಸಿ ಪರೀಕ್ಷಿಸಬಹುದಿತ್ತು. ಜಾಹೀರಾತಿನಲ್ಲಿ ಮಾರುವವರು ತೋರಿಸಿದ್ದಷ್ಟೇ ಕಾಣುತ್ತದೆ. ಹಾಗಾಗಿ ಇಲ್ಲಿ ಮೌನದ ಭಾರ ಹೆಚ್ಚು.

ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗೆಂದು ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ. ಒಬ್ಬನ ಮನೆಯ ಕೋಣೆಗಳಲ್ಲಿ ಹಾವುಗಳು ಸೇರಿಕೊಂಡಿವೆ, ಮರಮುಟ್ಟು ಕೆಟ್ಟಿದೆ. ಅದು ಅವನೊಬ್ಬನಿಗೇ ಗೊತ್ತು, ಆದರೂ ಹೇಳದೆ ಮನೆ ಮಾರುತ್ತಾನೆ. ಸ್ಟೋಯಿಕ್ ಪಂಥದ ಡಯೋಜೆನಿಸ್ ಪ್ರಕಾರ ಮಾರುವವನು ಯಾರನ್ನೂ ಬಲವಂತ ಮಾಡಿಲ್ಲ, ನೋಡಿ ಕೊಳ್ಳುವುದು ಕೊಳ್ಳುವವನ ಹೊಣೆ. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ: ಗೊತ್ತಿದ್ದೂ ಹೇಳದಿರುವುದು ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಕೆಟ್ಟದ್ದು ಎನ್ನುತ್ತಾನೆ. ಸಿಸೆರೊ ಶಿಷ್ಯನ ಪಕ್ಷ ವಹಿಸುತ್ತಾನೆ.

ಧರ್ಮಗ್ರಂಥಗಳು ಇನ್ನೂ ಖಚಿತ. ಹಳೆಯ ಪಾತ್ರೆಗೆ ಬಣ್ಣ ಬಳಿದು ಹೊಸದರಂತೆ ತೋರಿಸಬಾರದು ಎಂಬ ಮಾತು ಯಹೂದಿಗಳ ತಾಲ್ಮುದ್‌ನಲ್ಲಿದೆ. ಧಾನ್ಯದ ರಾಶಿಗೆ ಕೈಹಾಕಿದ ಪ್ರವಾದಿ ಮುಹಮ್ಮದರಿಗೆ ಒಳಗೆ ತೇವ ಸಿಕ್ಕಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತಲ್ಲವೇ ಎಂದು ವ್ಯಾಪಾರಿಯನ್ನು ಕೇಳಿದರೆಂದು ಹದೀಸ್ ಹೇಳುತ್ತದೆ. ಜೈನರ ತತ್ತ್ವಾರ್ಥಸೂತ್ರದ ವಿಚಾರ ಇವೆಲ್ಲಕ್ಕಿಂತ ತೀಕ್ಷ್ಣ. ಅಸಲಿಗೆ ನಕಲಿ ಬೆರೆಸಿ ಮಾರುವ ಪ್ರತಿರೂಪಕ ವ್ಯವಹಾರವನ್ನು ಅದು ಸತ್ಯವ್ರತದ ಅತಿಚಾರಗಳಲ್ಲಿ, ಅಂದರೆ ಲೋಪಗಳಲ್ಲಿ, ಸೇರಿಸಿಲ್ಲ; ಕದಿಯದಿರುವ ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಸರಕಿನ ನಿಜ ಮುಚ್ಚಿಟ್ಟವರ ಕೈ ಕೊಳ್ಳುವವರ ಜೇಬಿನೊಳಗಿದೆ ಎಂಬುದು ಅದರ ಒಳಗಿನ ತರ್ಕ.

ಹಳೆಯ ಗಾಡಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ‘ಒರಿಜಿನಲ್’ ಎಂದು ಬರೆಯುವುದು ಸುಲಭ. ಪಿಸ್ಟನ್, ಟ್ಯಾಂಕ್, ಮಡ್‌ಗಾರ್ಡ್, ವೈರಿಂಗ್ ಎಲ್ಲವೂ ಬದಲಾದ ಮೇಲೆ ಉಳಿದದ್ದು ಯಾವುದು? ಬೌದ್ಧ ಗ್ರಂಥ ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ ರಾಜನನ್ನು ಕೇಳಿದ್ದೂ ಇದನ್ನೇ: ಗಾಲಿ ರಥವೇ, ಅಚ್ಚು ರಥವೇ? 1990ರಲ್ಲಿ ಲಂಡನ್ನಿನ ಹೈಕೋರ್ಟ್ ಎದುರು ಹೆಚ್ಚುಕಡಿಮೆ ಅದೇ ರಥ ಬಂತು. 1929 ಮತ್ತು 1930ರಲ್ಲಿ ಲ ಮಾನ್ ಓಟ ಗೆದ್ದ ‘ಓಲ್ಡ್ ನಂಬರ್ ಒನ್’ ಬೆಂಟ್ಲಿಯಲ್ಲಿ ಮೂಲ ಭಾಗಗಳು ಬಹುಮಟ್ಟಿಗೆ ಉಳಿದಿಲ್ಲ, ಅದು ಅದೇ ಕಾರಲ್ಲ ಎಂದು ಕೊಳ್ಳಲೊಪ್ಪಿದ್ದ ಕಂಪನಿ ಹಿಂದೆ ಸರಿದಿತ್ತು. ಕಾರಿನ ಚರಿತ್ರೆ ಎಲ್ಲೂ ಕಡಿದಿಲ್ಲವಾದ್ದರಿಂದ ಅದು ಅದೇ ಕಾರು ಎಂದು ನ್ಯಾಯಾಧೀಶ ಓಟನ್ ತೀರ್ಪಿತ್ತರು. ಭಾರತದಲ್ಲಿ 2021ರ ನಿಯಮವು 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಕೊಡುತ್ತದೆ. 1960ರ ದಶಕದ ಜಾವಾ ಮಾರುವವರಿಗೆ ‘ಒರಿಜಿನಲ್’ ಎಂಬುದು ಬರೀ ಹೊಗಳಿಕೆಯಲ್ಲ, ಕೊಳ್ಳುವವರ ಮುಂದಿನ ದಾಖಲೆಗಳ ಬುನಾದಿ.

ಆದ್ದರಿಂದ ಒಳ್ಳೆಯ ಜಾಹೀರಾತು ಗಾಡಿಯ ಜೀವನಚರಿತ್ರೆಯನ್ನು ಬರೆಯುತ್ತದೆ. ಮಾಡೆಲ್, ವರ್ಷ, ಎಷ್ಟನೇ ಮಾಲೀಕರು, ಆರ್‌ಸಿ ಎಲ್ಲಿಯವರೆಗೆ ಚಾಲ್ತಿಯಲ್ಲಿದೆ, ಚಾಸಿ ಮತ್ತು ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗುತ್ತವೆಯೇ ಎಂಬುದು ಮೊದಲು. ಯಾವ ಭಾಗ ಕಾರ್ಖಾನೆಯದು, ಯಾವುದು ಈಚಿನದು, ಪೇಂಟ್ ಯಾವಾಗ ಆಯಿತು ಎಂಬುದು ನಂತರ. ಹೊಳೆಯುವ ಟ್ಯಾಂಕಿನ ಫೋಟೊ ಜೊತೆಗೆ ಅದರೊಳಗಿನ ತುಕ್ಕಿನದೂ ಬೇಕು. ಎಂಜಿನ್ ತಣ್ಣಗಿದ್ದಾಗ ಎಷ್ಟು ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ, ಹೊಗೆ ಎಷ್ಟು ಬರುತ್ತದೆ ಎಂಬುದನ್ನು ತುಂಡರಿಸದ ವಿಡಿಯೊ ತೋರಿಸಲಿ. ‘ಸಣ್ಣಪುಟ್ಟ ಕೆಲಸವಿದೆ’ ಎಂಬ ಸಾಲಿಗಿಂತ ‘ಕ್ರ್ಯಾಂಕ್ ಬೇರಿಂಗ್ ಸದ್ದು ಮಾಡುತ್ತಿದೆ’ ಎಂಬ ಸಾಲು ಸಾವಿರ ಪಾಲು ಮೇಲು.

ಇದು ವ್ಯಾಪಾರಕ್ಕೆ ನಷ್ಟವೇ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟು ಉತ್ತರಿಸಿದ್ದಾರೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗಿರಾಕಿ ಎಲ್ಲಕ್ಕೂ ಕಡಿಮೆ ಬೆಲೆ ಕೇಳುತ್ತಾನೆ. ಒಳ್ಳೆಯ ಕಾರಿನವರು ಮಾರದೆ ಹಿಂದೆ ಸರಿಯುತ್ತಾರೆ. ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಮೌನದ ದಂಡವನ್ನು ಪ್ರಾಮಾಣಿಕರೂ ತೆರಬೇಕಾಗುತ್ತದೆ. ಈ ಚಿಂತನೆಗಾಗಿ ಅವರು 2001ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಆದರೆ ಲಾಭದ ಲೆಕ್ಕವೊಂದೇ ಸಾಲದು. ನಿಜ ಬರೆದದ್ದಕ್ಕೆ ಕರೆಗಳು ಕಡಿಮೆಯಾಗಬಹುದು, ಕ್ರ್ಯಾಂಕ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಇಳಿಸಬೇಕಾಗಬಹುದು. ಅಚೌರ್ಯದ ದೃಷ್ಟಿಯಿಂದ ನೋಡಿದರೆ ಆ ಮೊತ್ತ ಮಾರುವವರ ನಷ್ಟವಲ್ಲ. ರಿಪೇರಿಗೆ ಅದನ್ನು ತೆರಬೇಕಾದವರು ಕೊಳ್ಳುವವರು, ಹಣವೂ ಅವರದೇ. ಹಾಗೆ ಒಪ್ಪಿಕೊಂಡವರು ಮುಂಗಡ ಪಡೆಯುವ ಮೊದಲೇ, ನಿಮ್ಮ ನಂಬಿಕೆಯ ಮೆಕ್ಯಾನಿಕ್ ಜೊತೆ ಬಂದು ಗಾಡಿ ನೋಡಿ ಎಂದು ಜಾಹೀರಾತಿನಲ್ಲೇ ಬರೆಯಬಲ್ಲರು.