ಸೀಟು ಬಿಚ್ಚಿದ ಮೇಲೆ

ಮಾರುತಿ ಓಮ್ನಿ 1984ರಲ್ಲಿ ಬಂದು 2019ರಲ್ಲಿ ನಿಂತಿತು. ಈಕೊ 2010ರಿಂದ ಓಡುತ್ತಿದೆ. ಎರಡರ ರಚನೆಯೂ ಒಂದೇ ತೆರ: ಮುಂದಿನ ಸೀಟಿನಡಿ ಎಂಜಿನ್, ಜಾರುವ ಬಾಗಿಲು, ಹಿಂದೆ ಅಗಲವಾದ ಜಾಗ. ಸೀಟಿದ್ದರೆ ಹುಣಸೂರಿನಿಂದ ಮೈಸೂರಿನ ಆಸ್ಪತ್ರೆಗೆ ಹೊರಟ ಬಸುರಿ. ಸೀಟು ಬಿಚ್ಚಿದರೆ ಕೆ.ಆರ್. ನಗರದ ಅಕ್ಕಿ ಮೂಟೆ, ಎಚ್.ಡಿ. ಕೋಟೆಯ ಶುಂಠಿ. ಹಾಗಾದರೆ ಈ ವ್ಯಾನು ಜನರದೋ ಸರಕಿನದೋ? ಏಳನೇ ಶತಮಾನದ ಬೌದ್ಧ ದಾರ್ಶನಿಕ ಚಂದ್ರಕೀರ್ತಿ ರಥದ ಬಗ್ಗೆ ಇಂಥದೇ ಪ್ರಶ್ನೆ ಎತ್ತಿದ್ದ. ಬಿಡಿಭಾಗಗಳಲ್ಲಿ, ಅವುಗಳ ರಾಶಿಯಲ್ಲಿ, ಆಕಾರದಲ್ಲಿ, ಹೀಗೆ ಏಳು ಬಗೆಯಾಗಿ ಹುಡುಕಿದರೂ ರಥ ಸಿಗದು, ಅದು ಬಳಕೆಯಲ್ಲಿ ನಿಂತ ಹೆಸರು ಎಂದ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ ಪರಂಪರೆ ಈ ವಾದವನ್ನು ಇಂದಿಗೂ ಓದಿಸುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯೂ ಇದಕ್ಕೆ ಹತ್ತಿರ ಬರುತ್ತದೆ: ಸರಕಿಗೆಂದೇ ಕಟ್ಟದ ವಾಹನವೂ ಸರಕು ಹೊತ್ತಾಗ ಸರಕು ವಾಹನವೇ.

ವಾಹನದ ಹೆಸರು ಹೊರೆಯ ಜೊತೆ ಬದಲಾಗಲಿ. ಒಳಗೆ ಕೂತ ಮನುಷ್ಯನ ಬೆಲೆ ಬದಲಾಗಬಾರದು, ನನ್ನ ವಾದ ಇಷ್ಟೇ. ಆದರೆ ಬದಲಾಗುತ್ತಿದೆ. ಶುಂಠಿ ಕೀಳಲು, ಹೊಗೆಸೊಪ್ಪು ಮುರಿಯಲು ಹೋಗುವ ಆಳುಗಳು ಪಿಕಪ್ಪಿನ ಹಿಂದೆ ಹಿಡಿಯಲು ಕಂಬಿಯೂ ಸಾಲದೆ ನಿಂತು ಸಾಗುತ್ತಾರೆ. ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿಯಿಂದ ಸರಕಿನ ಒಡೆಯನಿಗೂ ಅವನ ಪ್ರತಿನಿಧಿಗೂ ವಿಮೆಯ ರಕ್ಷಣೆ ಸಿಕ್ಕಿತು. ಸರಕು ವಾಹನದಲ್ಲಿ ಬರಿದೇ ಹತ್ತಿದ ಪ್ರಯಾಣಿಕನಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ಕಾನೂನಿಗೆ ಅದರದೇ ಕಾರಣಗಳಿವೆ: ಸರಕು ವಾಹನಕ್ಕೆ ಜನರನ್ನು ತುಂಬುವುದೇ ತಪ್ಪು. ಆದರೂ ಫಲ ನೋಡಿ: ಮೂಟೆ ಜೊತೆಗಿದ್ದವನಿಗೆ ಆಸರೆಯುಂಟು, ಬರಿಗೈಯವಳಿಗಿಲ್ಲ. ಮನುಷ್ಯನ ಬೆಲೆಯನ್ನು ಸರಕೇ ತಂದುಕೊಡುವಂತಾಯಿತು.

ಇಲ್ಲಿ ಚಂದ್ರಕೀರ್ತಿಯ ಕಡೆಯಿಂದಲೇ ಆಕ್ಷೇಪ ಬರುತ್ತದೆ. ಅವನು ರಥವನ್ನು ಬಿಡಿಸಿದ್ದೇ ‘ನಾನು’ ಎಂಬುದೂ ಹಾಗೇ ಬರಿಯ ಹೆಸರು ಎಂದು ತೋರಿಸಲು. ಹಾಗಿದ್ದ ಮೇಲೆ ಜನ–ಸರಕಿನ ಭೇದ ಎಲ್ಲಿಯದು? ಇದು ಗಟ್ಟಿ ಆಕ್ಷೇಪ. ಉತ್ತರ ಅದೇ ಪರಂಪರೆಯ ಶಾಂತಿದೇವನಲ್ಲಿದೆ: ನೋವಿಗೆ ಒಡೆಯನಿಲ್ಲದಿದ್ದರೂ ನೋವು ನೋವೇ, ಅದಕ್ಕಾಗಿಯೇ ನೀಗಬೇಕು. ತಿರುವಿನಲ್ಲಿ ಪಿಕಪ್ ಮಗುಚಿದರೆ ಮೂಟೆ ಒಡೆಯುತ್ತದೆ, ನೋಯುವುದಿಲ್ಲ. ಭೇದಕ್ಕೆ ಅಷ್ಟು ಆಧಾರ ಸಾಕು. ಆತ್ಮ ಉಂಟೋ ಇಲ್ಲವೋ ತೀರ್ಮಾನವಾಗುವ ತನಕ ಕಾಯಬೇಕಿಲ್ಲ.

ಇನ್ನೊಂದು ಮಾತು ಹೊಟ್ಟೆಪಾಡಿನದು: ನಸುಕಿಗೆ ಆದಿವಾಸಿ ಹಾಡಿಗಳಿಂದ ಬಸ್ಸಿಲ್ಲ, ಪಿಕಪ್ ತಡೆದರೆ ಅಂದಿನ ಕೂಲಿ ಹೋಯಿತು. ನಿಜ. ಆದರೆ ಆ ಕೊರತೆಯ ಭಾರವನ್ನು ಎಲ್ಲರಿಗಿಂತ ಬಡವಳ ಮೈಮೇಲೆ ಹೊರಿಸುವುದು ಯಾವ ನ್ಯಾಯ? ಗೊಬ್ಬರ, ಔಷಧ, ಸಾಗಾಣಿಕೆಯನ್ನು ಬೆಳೆಯ ಖರ್ಚಿಗೆ ಹಿಡಿಯುವ ಜಮೀನಿನವರು ಸೀಟಿರುವ ವ್ಯಾನಿನ ಬಾಡಿಗೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಲಿ. ಗಾಡಿಯನ್ನು ಗೌರವಿಸುವುದಂತೂ ನಮಗೆ ಗೊತ್ತು: ಆಯುಧಪೂಜೆಯ ದಿನ ಇದೇ ಗಾಡಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಗಾಲಿಯಡಿ ನಿಂಬೆಹಣ್ಣು ಇಡುತ್ತೇವೆ. ಆ ಭಕ್ತಿಯನ್ನು ಮೂಢತನವೆಂದು ನಾನು ತಳ್ಳಲಾರೆ. ಅನ್ನ ಕೊಟ್ಟ ಕಬ್ಬಿಣಕ್ಕೆ ಕೈಮುಗಿಯುವುದು ಒಳ್ಳೆಯ ಸಂಸ್ಕಾರವೇ. ಕುಂಕುಮ ಹಚ್ಚುವ ಕೈ ಹಿಂಬದಿಯ ಬಾಗಿಲನ್ನೂ ತೆರೆದು, ನಾಳೆ ಅಲ್ಲಿ ಯಾರು ಕೂರುತ್ತಾರೆ, ಯಾವುದರ ಮೇಲೆ ಕೂರುತ್ತಾರೆ ಎಂದು ನೋಡಲಿ.