ಅಂಬೆಗಾಲಿನ ಕೃಷ್ಣ ಮತ್ತು ನಮ್ಮ ಮನೆಯ ಕಂದ

ಶ್ರೀ ಗುರುಭ್ಯೋ ನಮಃ. ಹರಿಃ ಓಂ.

ಇಲ್ಲಿ ಅಮೆರಿಕದಲ್ಲಿ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗಲೆಲ್ಲ ಒಂದು ಪಟ್ಟಿ ಎದುರಾಗುತ್ತದೆ. 2 ತಿಂಗಳಿಗೆ ಮಾತಾಡಿಸಿದರೆ ನಗುತ್ತದೆಯೇ? 6 ತಿಂಗಳಿಗೆ ಬೋರಲಿನಿಂದ ಅಂಗಾತ ಹೊರಳುತ್ತದೆಯೇ? 9ಕ್ಕೆ ಆಸರೆ ಇಲ್ಲದೆ ಕೂರುತ್ತದೆಯೇ, ಹೆಸರು ಕರೆದರೆ ನೋಡುತ್ತದೆಯೇ? ವರ್ಷಕ್ಕೆ ಹಿಡಿದುಕೊಂಡು ಎದ್ದು ನಿಲ್ಲುತ್ತದೆಯೇ, ಟಾಟಾ ಮಾಡುತ್ತದೆಯೇ?

ಶ್ರೀಮದ್ಭಾಗವತದ ದಶಮ ಸ್ಕಂಧ ಓದಿದರೆ ಅಲ್ಲೂ ಇಂಥದೇ ಒಂದು ಪಟ್ಟಿ ಸಿಗುತ್ತದೆ! ಏಳನೇ ಅಧ್ಯಾಯದಲ್ಲಿ ಔತ್ಥಾನಿಕ ಎಂಬ ಉತ್ಸವ ಬರುತ್ತದೆ. ಮಗು ಮಗ್ಗುಲು ಹೊರಳಿದ ಸಂಭ್ರಮ ಅದು ಅಂತ ವ್ಯಾಖ್ಯಾನಕಾರರು ಹೇಳುತ್ತಾರೆ. ಅವತ್ತೇ ಹಾಲಿಗಾಗಿ ಅತ್ತು ಕಾಲು ಝಾಡಿಸಿದ ಕೂಸಿನಿಂದ ಶಕಟ ಮುರಿದು ಬಿತ್ತು. ಎಂಟನೇ ಅಧ್ಯಾಯದಲ್ಲಿ ರಾಮ-ಕೃಷ್ಣರು ಗೋಕುಲದ ಕೆಸರಿನಲ್ಲಿ ಗೆಜ್ಜೆ ಘಲಘಲ ಎನಿಸುತ್ತಾ ಅಂಬೆಗಾಲಿಡುತ್ತಾರೆ. ಯಾರದೋ ಹಿಂದೆ ಸರಸರ ಹೋಗಿ, ಅವರು ಬೇರೆಯವರು ಅಂತ ತಿಳಿದ ಕೂಡಲೇ ಹೆದರಿದವರ ಹಾಗೆ ತಾಯಂದಿರ ಹತ್ತಿರ ಓಡಿ ಬರುತ್ತಾರೆ. ಹೊಸಬರನ್ನು ಕಂಡು ನಮ್ಮ ಮಕ್ಕಳು ಅಮ್ಮನ ಸೆರಗು ಹಿಡಿಯುವುದಿಲ್ಲವೇ, ಹಾಗೆಯೇ! ಆಮೇಲೆ ಮೊಳೆತ ಪುಟ್ಟ ಹಲ್ಲಿನ ನಗು, ಆಮೇಲೆ ಮೊಣಕಾಲು ಊರದೆ ನಡಿಗೆ.

ಭಗವಂತನಿಗೆ ವೃದ್ಧಿ-ಹ್ರಾಸಗಳಿಲ್ಲ. ಅವನು ಬೆಳೆದದ್ದು ಲೀಲೆ. ಕಾಪಿ ರಾಗದಲ್ಲಿ ನಾವು ಹಾಡುವ ಪುರಂದರದಾಸರ ‘ಜಗದೋದ್ಧಾರನ’ದ ಸೊಗಸೂ ಇದೇ. ಲೋಕವನ್ನು ಉದ್ಧರಿಸುವವನನ್ನು ಯಶೋದೆ ತನ್ನ ಮಗ ಅಂತಲೇ ಆಡಿಸಿದಳು. ಅವಳಿಗೆ ಎದುರಿಗಿದ್ದ ಕೂಸು ಸಾಕಾಗಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ನನ್ನ ಭಜನೆ ತರಗತಿಗೆ ಬರುವ ಒಬ್ಬ ತಾಯಿ ಮೊನ್ನೆ ಕಣ್ಣಲ್ಲಿ ನೀರು ತಂದುಕೊಂಡಳು. "ಆಂಟಿ, ವಾಟ್ಸಾಪ್ ಗುಂಪಲ್ಲಿ ಎಲ್ಲರ ಮಕ್ಕಳೂ ಅಂಬೆಗಾಲಿಡ್ತಿದಾವೆ. ನಮ್ಮವನಿಗೆ ಹತ್ತು ತಿಂಗಳು, ಕೂತಲ್ಲೇ ಕೂತಿರ್ತಾನೆ. ಊರಿಂದ ಅತ್ತೆ ಬೇರೆ, ನಿನ್ನ ಗಂಡ ಒಂಬತ್ತಕ್ಕೇ ನಡೆದಿದ್ದ ಅಂತಾರೆ."

ಅಮ್ಮಾ, ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ನೋಡು. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳಲ್ಲೇ ಒಂಟಿಯಾಗಿ ನಡೆಯುವ ಕಾಲ ಸುಮಾರು 8ರಿಂದ 17 ತಿಂಗಳವರೆಗೆ ಹರಡಿತ್ತು. ನೂರಕ್ಕೆ ಸುಮಾರು 4 ಮಕ್ಕಳು ಕೈ-ಮೊಣಕಾಲೂರಿ ಅಂಬೆಗಾಲಿಡಲೇ ಇಲ್ಲ, ಆದರೂ ಮುಂದೆ ನಡೆದರು. 2022ರಲ್ಲಿ ಇಲ್ಲಿನ ಸಿಡಿಸಿ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ಪಕ್ಕದ ಮನೆಯ ಕೂಸು ನಿನ್ನ ಕೂಸಿಗೆ ಅಳತೆಗೋಲಲ್ಲ.

ಹಾಗಂತ "ದೇವರಿದ್ದಾನೆ" ಅಂತ ಸುಮ್ಮನೆ ಕೂರುವುದು ಭಕ್ತಿಯಲ್ಲ. ಪೂತನಿ ಸತ್ತ ದಿನ ಗೋಪಿಯರು ಸುಮ್ಮನೆ ಕೂರಲಿಲ್ಲ. ಹಸುವಿನ ಬಾಲದಿಂದ ನಿವಾಳಿಸಿದರು, ಅಂಗಾಂಗಕ್ಕೂ ಹರಿನಾಮದ ರಕ್ಷೆ ಕಟ್ಟಿದರು. ಶಕಟ ಮುರಿದಾಗ ಯಶೋದೆ ವಿಪ್ರರನ್ನು ಕರೆಸಿ ಸ್ವಸ್ತಿವಾಚನ ಮಾಡಿಸಿದಳು. ಸಾಕ್ಷಾತ್ ಪರಮಾತ್ಮನಿಗೇ ತಾಯಿ ಇಷ್ಟು ಕಾಳಜಿ ಮಾಡಿದಳು, ತನಗೆ ತಿಳಿದ ಉಪಾಯವನ್ನೆಲ್ಲ ಮಾಡಿದಳು. ನಮಗೆ ತಿಳಿದ ಉಪಾಯದಲ್ಲಿ ಡಾಕ್ಟರೂ ಇದ್ದಾರೆ. ಮಗು ಶಬ್ದಕ್ಕೆ ತಿರುಗದಿದ್ದರೆ, ಮುಖ ನೋಡಿ ನಗದಿದ್ದರೆ, ಒಂದೇ ಕೈ ಬಳಸುತ್ತಿದ್ದರೆ, ಕಲಿತದ್ದನ್ನು ಮರೆತರೆ, ಮುಂದಿನ ಭೇಟಿಯವರೆಗೆ ಕಾಯಬೇಡಿ. ಇಲ್ಲಿ ಪ್ರತಿ ರಾಜ್ಯದಲ್ಲೂ ಮೂರು ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಂಟರ್ವೆನ್ಷನ್ ಸೇವೆ ಇದೆ, ತಂದೆ-ತಾಯಿಯೇ ನೇರವಾಗಿ ಫೋನ್ ಮಾಡಿ ಕೇಳಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ. ತಡವಾಗಿ ನಡೆಯುವ ಮಗುವೂ, ನಡೆಯಲಾರದ ಮಗುವೂ ಆ ಹರಿಯದೇ ಕೂಸು, ಅಲ್ಲವೇ?

ಇವತ್ತು ಸಂಜೆ ಪಟ್ಟಿ, ಫೋನು ಎರಡನ್ನೂ ಪಕ್ಕಕ್ಕಿಟ್ಟು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಶ್ರುತಿ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ, ದಾಸರ ಒಂದು ಪದ ನಿಧಾನವಾಗಿ ಹಾಡಿ. ಅದು ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. ನೀವೂ ಅದರ ಮುಖ ನೋಡಿ.

ಶ್ರೀ ಕೃಷ್ಣಾರ್ಪಣಮಸ್ತು.