ಪರದೇಶಿಯ ಸಂತೋಷ

ಅನ್ಯದೇಶದಲ್ಲಿ ವಾಸಿಸುವವನು ಅಲ್ಲಿಯವರ ಹಬ್ಬದಲ್ಲಿ ಕೂಡಿ ಸಂತೋಷಪಡುವದು ಯುಕ್ತವೋ? ಯುಕ್ತವಾದರೆ ಆ ಸಂತೋಷಕ್ಕಾಗಿ ಅವನು ಸಲ್ಲಿಸತಕ್ಕದ್ದೇನಾದರೂ ಉಂಟೋ? ಜಪಾನ್ ದೇಶದ ಗಿಫು ಪ್ರಾಂತದಲ್ಲಿ, ಬೆಟ್ಟಗಳ ನಡುವೆ ಇರುವ ಗುಜೋ ಹಚಿಮಾನ್ ಎಂಬ ಸಣ್ಣ ಪಟ್ಟಣದ ಅಂಚಿನಲ್ಲಿ ನಾವು ಒಂದು ಬೇಸಗೆಯನ್ನು ಕಳೆದಾಗ ಈ ಪ್ರಶ್ನೆಯು ನಮ್ಮ ಮನಸ್ಸನ್ನು ಚುಚ್ಚಿತು.

ಅಲ್ಲಿಯ ಬೇಸಗೆಯು ನಮ್ಮದರಂಥದ್ದಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆಯು ಜುಲಾಯಿಯಲ್ಲಿ ಬಿಟ್ಟ ಮೇಲೆ ಸೆಕೆಯು ಏರುತ್ತದೆ. ಗದ್ದೆಯ ಪೈರು ಹಸುರಾಗಿ ನಿಲ್ಲುತ್ತದೆ, ಜೀರುಂಡೆಗಳು ಹಗಲೆಲ್ಲಾ ಕೂಗುತ್ತವೆ. ಹುರಿದ ಜವೆಗೋಧಿಯ ಕಷಾಯವನ್ನು ತಣ್ಣಗೆ ಮಾಡಿ ಕುಡಿಯುತ್ತಾರೆ. ಆ ಪಟ್ಟಣದ ಬೀದಿಗಳ ಬದಿಯಲ್ಲಿ ಕಾಲುವೆಗಳು ಹರಿಯುತ್ತವೆ. ಕೆಲವು ಕಡೆ ಒಂದರ ಕೆಳಗೊಂದಾಗಿ ನೀರಿನ ತೊಟ್ಟಿಗಳುಂಟು. ಮೇಲಿನದು ಕುಡಿಯುವದಕ್ಕೆ, ನಡುವಿನದು ಕಾಯಿಪಲ್ಯ ತೊಳೆಯುವದಕ್ಕೆ, ಕೆಳಗಿನದು ಪಾತ್ರೆಗಳಿಗೆ. ಅಲ್ಲಿಂದ ಹರಿದ ಅಗುಳು ಮೀನುಗಳಿಗೆ ಆಹಾರ. ಮೇಲಿನವನು ಕೊಳೆ ಮಾಡಿದರೆ ಕೆಳಗಿನವನಿಗೆ ಕೇಡು. ಆದದರಿಂದ ನೆರೆಯವರು ಕೂಡಿ ಅವುಗಳನ್ನು ಶುಚಿಯಾಗಿ ಇಡುತ್ತಾರೆ.

ಆ ಊರಿನ ಬೇಸಗೆಯ ಕುಣಿತವು ಪ್ರಸಿದ್ಧವಾದದ್ದು. ಜುಲಾಯಿಯ ನಡುವಿನಿಂದ ಸೆಪ್ತಂಬರದ ಆರಂಭದ ವರೆಗೆ ಸುಮಾರು ೩೦ ರಾತ್ರಿ ಅದು ನಡೆಯುತ್ತದೆ. ಅಗೋಸ್ತು ೧೩ರಿಂದ ೧೬ರ ವರೆಗಿನ ನಾಲ್ಕು ರಾತ್ರಿಗಳಲ್ಲಿಯಂತೂ ಬೆಳಗಿನ ಜಾವದ ತನಕ ನಿಲ್ಲುವದಿಲ್ಲ. ೨೦೨೨ನೇ ಇಸವಿಯಲ್ಲಿ ಯುನೆಸ್ಕೋ ಸಂಸ್ಥೆಯು ಜಪಾನಿನ ೪೧ ಜನಪದ ಕುಣಿತಗಳನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅವುಗಳಲ್ಲಿ ಒಂದಾಗಿತ್ತು. ಇದರ ವಿಶೇಷವೇನಂದರೆ, ಯಾರು ಬಂದರೂ ವೃತ್ತದಲ್ಲಿ ಸೇರಬಹುದು. ಗತಿಸಿದ ಹಿರಿಯರನ್ನು ಊರವರು ನೆನಸುವ ದಿವಸಗಳವು. ಆದರೂ ಪರಕೀಯನನ್ನು ಹೊರಗೆ ನಿಲ್ಲಿಸುವದಿಲ್ಲ.

ಜುಲಾಯಿಯ ಒಂದು ಆದಿತ್ಯವಾರ ಬೆಳಿಗ್ಗೆ ಕಾಲುವೆಯ ಹೂಳು ತೆಗೆದು ದಂಡೆಯ ಹುಲ್ಲು ಕೊಯ್ಯುವದಕ್ಕೆ ಮನೆಗೊಬ್ಬರು ಬರಬೇಕೆಂದು ಕಾಗದ ಬಂದಿತ್ತು. ಭಾಷೆ ತಿಳಿಯದೆಂಬ ನೆವದಿಂದ ನಾವು ಮಲಗಿದೆವು. ಎದ್ದು ಕಿಟಕಿಯಿಂದ ನೋಡಲಾಗಿ, ಎಂಭತ್ತು ವರುಷ ಸಮೀಪಿಸಿದ ನೆರೆಯ ಅಜ್ಜಿಯವರು ನಮ್ಮ ಪಾಲಿನ ಹುಲ್ಲನ್ನೂ ಕೊಯ್ಯುತ್ತಿದ್ದರು. ಸಾಯಂಕಾಲ ಅವರು ಕಲ್ಲಂಗಡಿಯ ಹೋಳುಗಳನ್ನು ತಂದು ಕೊಟ್ಟರು. ಆ ಕೆಲಸದ ವಿಷಯ ಒಂದು ಮಾತೂ ಆಡಲಿಲ್ಲ. ಅಗೋಸ್ತಿನ ರಾತ್ರಿಯಲ್ಲಿ ವೃತ್ತದೊಳಗೆ ನಮಗೆ ಎಡೆ ಬಿಟ್ಟು ಹೆಜ್ಜೆಯನ್ನು ಕಲಿಸಿದವರೂ ಅವರೇ.

ಪರದೇಶಿಯು ಬಾಡಿಗೆ ಕೊಡುತ್ತಾನೆ, ಇನ್ನೇನು ಸಾಲ ಎಂದು ಕೆಲವರು ಹೇಳಬಹುದು. ಪರರ ಹಬ್ಬದಲ್ಲಿ ಅವನು ಕೈಯಿಡಲೇಬಾರದೆಂದು ಬೇರೆಯವರು ಹೇಳಾರು. ಎರಡೂ ಸರಿಯಲ್ಲವೆಂದು ನಮಗೆ ತೋರುತ್ತದೆ. ನಾವು ಕುಣಿದದರಿಂದ ಯಾರ ಸಂತೋಷವೂ ಕುಂದಲಿಲ್ಲ. ಆದರೆ ಆ ದೇಶದ ಅನೇಕ ಬೆಟ್ಟದೂರುಗಳಲ್ಲಿ ಯೌವನಸ್ಥರು ಪಟ್ಟಣಗಳಿಗೆ ಹೋಗಿ, ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ೬೫ ವರುಷ ದಾಟಿದವರೇ ಉಳಿದಿದ್ದಾರೆ. ಹಗಲು ಕುಡುಗೋಲು ಹಿಡಿದ ಕೈಯೇ ರಾತ್ರಿ ಡೋಲು ಹಿಡಿಯಬೇಕು. ಹೀಗಿರಲಾಗಿ, ರಾತ್ರಿಯನ್ನು ತಕ್ಕೊಂಡು ಹಗಲನ್ನು ಬಿಡುವವನು ಪರರ ಆಯಾಸದ ಮೇಲೆ ತನ್ನ ಹಬ್ಬವನ್ನು ನಡಿಸುತ್ತಾನೆ.

ಹಾಗಾದರೆ ದುಡಿಮೆಯು ಹಬ್ಬದ ಬೆಲೆಯೋ? ಅಲ್ಲ. ಅಜ್ಜಿಯವರು ಬೆಲೆ ಕೇಳಲಿಲ್ಲ; ಕೇಳಿದ್ದರೆ ಕೊಟ್ಟು ನಿಶ್ಚಿಂತರಾಗುತ್ತಿದ್ದೆವು. ಬೆಲೆಯಿಲ್ಲದೆ ದೊರೆತದ್ದೇ ನಮ್ಮನ್ನು ಕಟ್ಟಿಹಾಕಿತು. ಸೆಪ್ತಂಬರದಲ್ಲಿ ಪುನಃ ಕಾಗದ ಬಂದಾಗ ನಾವು ಎಲ್ಲರಿಗಿಂತ ಮುಂಚೆ ಹೋದೆವು. ನಾವು ಕುಡುಗೋಲು ಹಿಡಿದ ಬಗೆಯನ್ನು ಕಂಡು ಅಜ್ಜಿಯವರು ಬಹಳವಾಗಿ ನಕ್ಕರು. ಆ ನಗುವಿನಿಂದಲೇ ನಾವು ಆ ಊರವರಾದೆವೆಂದು ನಮಗೆ ಅನಿಸಿತು.

ಆದದರಿಂದ ಪರವೂರಲ್ಲಿ ವಾಸಿಸುವವರು ಅಲ್ಲಿಯ ಕುಣಿತ ಎಂದಿಗೆ ಎಂದು ಕೇಳುವ ಮೊದಲು, ಕಾಲುವೆ ತೆಗೆಯುವ ದಿನ ಯಾವದೆಂದು ಕೇಳಿಕೊಳ್ಳಲಿ.